ಈರುಳ್ಳಿ ತುಳಿಯುವವರು

ಬಿಳಿ ಷೂ — ಬಾಂಬರ್ಗ್ ಪೇಟೆಯ ಈ ಉರುಟು ಕಲ್ಲುಹಾಸಿನ ಮೇಲೆ ಬಿಳಿ ಷೂ ಮೆಟ್ಟಿ ಬರುವವಳು ಒಂದೋ ಮದುಮಗಳು, ಇಲ್ಲ ಹೊಳೆಯ ಪ್ರವಾಸಿ ಹಡಗಿನಿಂದ ಇಳಿದವಳು, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಯಾರ ಮದುವೆ, ಹಾಗಾದರೆ ಹಡಗಿನವಳೇ, ಎಂದುಕೊಂಡು ಕುನಿ ಬಗ್ಗಿದಲ್ಲಿಂದ ತಲೆ ಎತ್ತದೆ ಮೂಲಂಗಿ ಕಟ್ಟುಗಳಿಗೆ ನೀರು ಚಿಮುಕಿಸುತ್ತಾಳೆ, ಬಲಮಂಡಿ ಚುಳ್ಳೆನ್ನುತ್ತದೆ, ಎನ್ನಲಿ, ಮಾರ್ಚಿನಲ್ಲಿ ಕೊಯ್ದು ಹೊಲಿದ ಮಂಡಿ, ಜುಲೈ ಮುಗಿಯುತ್ತ ಬಂದರೂ ಬುದ್ಧಿ ಕಲಿತಿಲ್ಲ — ಆ ಷೂ ಕಾರಂಜಿಯ ಬುಡದಲ್ಲಿ ನಿಂತ ನೀರನ್ನು ಸುತ್ತುಹಾಕಿಕೊಂಡು, ಬಿದ್ದ ಕೋಸಿನ ಎಲೆಯೊಂದನ್ನು ದಾಟಿ, ಎಡಗಾಲನ್ನು ತುಸು ಒಳಕ್ಕೆ ತಿರುಗಿಸಿ ಇಡುತ್ತ ತನ್ನ ತರಕಾರಿ ಅಂಗಡಿಯತ್ತಲೇ ಬರುತ್ತಿದೆ, ಆ ಎಡಗಾಲು ಅಮ್ಮನದು, ಅಮ್ಮ ಮಣ್ಣಿಗೆ ಹೋಗಿ ಇಪ್ಪತ್ತಾರು ವರ್ಷ, ಹಾಗಾದರೆ ಇದು ರೆತ್ತಾ, ತಂಗಿ, ಹನ್ನೊಂದಕ್ಕೆ ಬರುತ್ತೇನೆಂದು ಬರೆದವಳು ಹತ್ತಕ್ಕೇ ಬಂದಿದ್ದಾಳೆ, ಕೊರಳಲ್ಲಿ ಹಡಗಿನವರು ಕೊಟ್ಟ ನೀಲಿ ಪಟ್ಟಿ, ಕಿವಿಗೆ ಗೈಡು ಮಾತಾಡುವ ಯಂತ್ರ, ಹುಟ್ಟಿದ ಊರನ್ನು ತೋರಿಸಲು ಇವಳಿಗೊಬ್ಬ ಗೈಡು! ಏಳುವಾಗ ಮೇಜಿನ ಅಂಚು ಹಿಡಿಯಬಾರದು ಎಂದುಕೊಂಡಳು, ಹಿಡಿಯದೆಯೇ ಎದ್ದಳು, ಕಣ್ಣಲ್ಲಿ ನೀರಾಡಿತು, ಅದು ಮಂಡಿಯ ನೀರು, ತಂಗಿಯದಲ್ಲ. ಚೆನ್ನಾಗಿದ್ದೀಯಾ ಕುನಿ. ಇದ್ದೀನಿ, ನೀನು ಸಣ್ಣಗಾಗಿದ್ದೀಯ. ಅಷ್ಟೇ ಆಡಿದ್ದು, ಹದಿನೆಂಟು ವರ್ಷದ ಮೇಲೆ. ಪಕ್ಕದ ಗಿಣ್ಣಿನ ಅಂಗಡಿಯ ಆದಾಮ್ ಮುದುಕ ಮೀಸೆಯಡಿ ನಗುತ್ತ, ನಿನ್ನ ಅಂಗಡಿ ನಾನು ನೋಡ್ಕೋತೀನಿ ಹೋಗು, ಅರವತ್ತೊಂಬತ್ತು ವರ್ಷಕ್ಕೆ ಊರು ನೋಡೋಕೆ ಹೊರಟಿದ್ದೀಯ, ದಾರಿ ತಪ್ಪಿಸ್ಕೊಂಡ್ರೆ ಪೊಲೀಸ್ನೋರನ್ನ ಕೇಳು ಅಂದ. ಕುನಿ ಅವನ ಕಡೆ ಒಂದು ಮೂಲಂಗಿ ಎಸೆದು ಹೊರಟಳು.

ಅವಳು ಮೊದಲು ಮಾತು ತೆಗೆಯಬೇಕು, ನಾನಲ್ಲ, ನಾನು ಕೇಳುವುದಿಲ್ಲ, ಸತ್ತರೂ ಕೇಳುವುದಿಲ್ಲ, ಎಂದು ನಾಲ್ಕು ದಿನದಿಂದ ತನಗೆ ತಾನೇ ಹೇಳಿಕೊಂಡದ್ದನ್ನು ಕುನಿ ಹೆಜ್ಜೆಗೊಂದು ಸಲ ಹೇಳಿಕೊಳ್ಳುತ್ತಾಳೆ, ಕೇಳುವುದೇನಿದೆ, ಪೋಸ್ಟ್‌ಕಾರ್ಡಿನಲ್ಲೇ ಬರೆದಿದ್ದಾಳಲ್ಲ, ಹಡಗಿನಲ್ಲಿ ಬರುತ್ತಿದ್ದೇನೆ, ಊರಲ್ಲಿ ಒಂದು ದಿನ, ಐದಕ್ಕೆ ವಾಪಸ್ ಬಸ್ಸು, ಹೋಟೆಲಿನವರ ಕಾಗದದ ವಿಷಯ ಮಾತಾಡೋಣ — ಅಪ್ಪ ಬರೆದಿಟ್ಟ ಪ್ರಕಾರ ಮನೆಯ ಹಿಂದಿನ ತೋಟದಲ್ಲಿ ಎಡಗಡೆಯ ಹದಿನಾಲ್ಕು ಪಾತಿ ಕುನಿಯದು, ಬಲಗಡೆಯ ಹದಿನಾಲ್ಕು ರೆತ್ತಾಳದು, ಆ ಬಲಗಡೆಯನ್ನು ಹೊಸ ಹೋಟೆಲಿನವರು ಕೇಳುತ್ತಿದ್ದಾರೆ, ಕಾರು ನಿಲ್ಲಿಸೋಕೆ, ಊರ ಮಧ್ಯದಲ್ಲಿ ಆರು ತಲೆಮಾರು ಗೊಬ್ಬರ ತಿಂದು ಕಪ್ಪಾದ ಮಣ್ಣಿನ ಮೇಲೆ ಕಾರು, ರೆತ್ತಾ ಒಂದು ಸಹಿ ಹಾಕಿದರೆ ಮುಗಿಯಿತು, ಡ್ಯೂಸೆಲ್‌ಡಾರ್ಫಿನಲ್ಲಿ ಐದನೇ ಮಹಡಿಯಲ್ಲಿ ಕೂತವಳಿಗೆ ಈರುಳ್ಳಿ ಪಾತಿಯಿಂದ ಏನಾಗಬೇಕು, ಹಾಕಲಿ, ಆದರೆ ನನ್ನ ಬಾಯಿಂದ ಬೇಡ ಅನ್ನಿಸಿಕೊಳ್ಳುವುದಕ್ಕೆ ಕಾಯಬಾರದು. ಆ ಕಾಗದ ಅವಳ ಕೈಚೀಲದಲ್ಲಿದೆ, ಉದ್ದನೆಯ ಕೆನೆಬಣ್ಣದ ಲಕೋಟೆ, ಅಂಗಡಿಯ ಮುಂದೆ ಕನ್ನಡಕ ತೆಗೆಯುವಾಗ ಕಂಡಿತು. ಮತ್ತೆ ಇವತ್ತೇ ತುಳಿಯಬೇಕು ಈರುಳ್ಳಿ, ಸೊಪ್ಪು ತಿರುಗಿದೆ, ತುದಿ ಹಳದಿಯಾಗಿದೆ, ನಾಳೆ ಸಂಜೆಗೆ ಮಳೆ ಅಂತೆ, ಒಣಹವೆಯಲ್ಲಿ ಸೊಪ್ಪು ತುಳಿದು ಕತ್ತು ಬಗ್ಗಿಸದಿದ್ದರೆ ಗಡ್ಡೆ ಬಲಿಯುವುದಿಲ್ಲ, ಮಳೆ ಬಿದ್ದಮೇಲೆ ತುಳಿದರೆ ಕತ್ತು ಕೊಳೆಯುತ್ತದೆ, ಈ ಮಂಡಿಯಲ್ಲಿ ಇಪ್ಪತ್ತೆಂಟು ಪಾತಿ ಹೇಗೆ ತುಳಿಯುವುದು, ಕೂಲಿಗೆ ಕರೆಯೋಣವೆಂದರೆ ಪಾದಕ್ಕೆ ಹಲಗೆ ಕಟ್ಟಿಕೊಂಡು ತುಳಿಯುವ ಕಾಲು ಈಗ ಯಾರಿಗಿದೆ, ಒತ್ತಿದರೆ ಕತ್ತು ಬಗ್ಗಬೇಕು, ಮುರಿಯಬಾರದು, ಅದು ಹೇಳಿಕೊಟ್ಟು ಬರುವುದಲ್ಲ — ತೋಟದಲ್ಲಿ ಸಸಿ ಬೆಳೆಸುವ ಗಾಜಿನ ಮನೆಯ ಗೋಡೆಯಲ್ಲಿ ಎರಡು ಮೊಳೆ, ಒಂದರಲ್ಲಿ ಕಪ್ಪು ಪಟ್ಟಿಯ ಹಲಗೆ ಜೋಡಿ, ಇನ್ನೊಂದರಲ್ಲಿ ಕೆಂಪು ಪಟ್ಟಿಯದು. ಕುಂಟ್ತಾ ಇದ್ದೀಯಾ, ಎಂದಳು ರೆತ್ತಾ. ಇಲ್ಲಪ್ಪ, ಕಲ್ಲು ಉರುಟು.

ಹೊಳೆಯ ಮಧ್ಯದ ಹಳೇ ಪುರಸಭೆಯ ಮುಂದೆ ಜನವೋ ಜನ, ಒಂದು ಕೈಯಲ್ಲಿ ಐಸ್‌ಕ್ರೀಮು ಇನ್ನೊಂದರಲ್ಲಿ ಫೋನು, ಗೋಡೆಯ ಚಿತ್ರದಲ್ಲಿ ಮಲಗಿರುವ ದೇವದೂತನ ಕಾಲೊಂದು ನಿಜವಾದ ಗಾರೆಯ ಕಾಲಾಗಿ ಗೋಡೆಯಿಂದ ಹೊರಗೆ ಚಾಚಿಕೊಂಡಿದೆ, ಅದನ್ನು ತೋರಿಸಿ ಎಲ್ಲ ಗೈಡುಗಳೂ ಒಂದೇ ಮಾತು, ನೋಡಿ ಕಲಾವಿದನ ಚಮತ್ಕಾರ, ಅಪ್ಪ ಹೇಳುತ್ತಿದ್ದದ್ದು ಬೇರೆ, ಭಾನುವಾರ ಪೂಜೆ ಮುಗಿಸಿ ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಇಲ್ಲಿ ನಿಲ್ಲಿಸಿ, ಅವನೂ ನಮ್ಮವನೇ, ಈರುಳ್ಳಿ ತುಳಿಯೋಕೆ ಹೊರಟ, ಒಂದು ಕಾಲು ಬಂತು, ಇನ್ನೊಂದು ಗೋಡೇಲೇ ಸಿಕ್ಕಾಕೊಳ್ತು — ನೆನಪಿದೆಯಾ ರೆತ್ತಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ, ಆದರೆ ರೆತ್ತಾ ಕಿವಿಯ ಯಂತ್ರ ಕಿತ್ತು ಚೀಲಕ್ಕೆ ಹಾಕಿ ಆ ಗಾರೆಯ ಕಾಲನ್ನೇ ನೋಡುತ್ತ ಸ್ವಲ್ಪ ನಕ್ಕಳು, ಯಾಕೆ ನಕ್ಕಳೋ. ಆಮೇಲೆ ಬೀದಿಯ ತಿರುವಿನಲ್ಲಿ ನಿಂತಳು, ಈಗ ಫೋನಿನ ಕವಚ ಮಾರುವ ಅಂಗಡಿ, ಆಗ ಕೈಗವಸಿನ ಅಂಗಡಿ, ಗಾಜಿನ ಹಿಂದೆ ಬಿಳಿ ಕೈಗವಸುಗಳು ಬೆರಳು ಮೇಲೆ ಮಾಡಿ ನಿಂತಿರುತ್ತಿದ್ದವು, ರೆತ್ತಾ ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ಹಬ್ಬಕ್ಕೆ ಒಂದು ಜೊತೆ ಕೊಳ್ಳಲು ಅಮ್ಮ ಇಬ್ಬರನ್ನೂ ಕರೆತಂದಿದ್ದಳು, ಅಂಗಡಿಯ ಹೆಂಗಸು ರೆತ್ತಾಳ ಕೈಯನ್ನು ಮೂಗಿನ ಹತ್ತಿರ ತಂದುಕೊಂಡು ಹಾಗೇ ಕೆಳಗೆ ಬಿಟ್ಟಳು, ಈರುಳ್ಳಿ ವಾಸನೆ ಚರ್ಮಕ್ಕೆ ಹತ್ತಿದರೆ ಹೋಗಲ್ಲಮ್ಮ, ಹಾಕಿ ನೋಡೋದು ಬೇಡ, ಅಂದಾಜಿನ ಮೇಲೆ ತಗೊಂಡು ಹೋಗಿ, ಅಮ್ಮ ರೆತ್ತಾಳ ಕೈ ಹಿಡಿದು ಹೊರಗೆ ಬಂದಳು, ಕುನಿ ಮಾತ್ರ ಬಾಗಿಲಲ್ಲಿ ತಿರುಗಿ ನಿಂತು ನಾಲಗೆ ಚಾಚಿದಳು, ಇಷ್ಟುದ್ದ, ಈಗಲೂ ಅದು ನೆನಪಾದರೆ ಎದೆ ಉಬ್ಬುತ್ತದೆ, ಹದಿನಾಲ್ಕು ವರ್ಷದ ಹುಡುಗಿಯ ನಾಲಗೆ. ರೆತ್ತಾ ಅವತ್ತಿನಿಂದ ನಿಂಬೆಹಣ್ಣಿನಿಂದ ಕೈ ತಿಕ್ಕತೊಡಗಿದಳು, ಚರ್ಮ ಸಿಪ್ಪೆ ಏಳುವವರೆಗೆ, ಶಾಲೆಯಲ್ಲಿ ಯಾರಾದರೂ ಈರುಳ್ಳಿ ತುಳಿಯೋಳು ಬಂದ್ಲು ಅಂದರೆ ಅದು ನಾನಲ್ಲ, ನಮ್ಮಕ್ಕ ಅನ್ನುತ್ತಿದ್ದಳು, ಹತ್ತೊಂಬತ್ತಕ್ಕೆ ಬಿಳಿ ಷೂ ಕೊಂಡು ರೈಲು ಹತ್ತಿದಳು, ಹತ್ತುವ ಮೊದಲು ಮೆಟ್ಟಿಲ ಮೇಲೆ ಕೂತು ಅಟ್ಟೆಗೆ ಹತ್ತಿದ ಕಪ್ಪು ಮಣ್ಣನ್ನು ಕರವಸ್ತ್ರದಲ್ಲಿ ಒರೆಸಿದಳು, ಕರವಸ್ತ್ರವನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟಳು. ಕುನಿ ಅದನ್ನು ಎತ್ತಿಕೊಂಡು ಮನೆಗೆ ತಂದು ಒಗೆದಿಟ್ಟಿದ್ದಳು.

ಫೋನಿನ ಕವಚದ ಅಂಗಡಿಯೊಳಗೆ ರೆತ್ತಾ ಹೋಗಿಯೇ ಬಿಟ್ಟಳು, ಹಸಿರು ಬಣ್ಣದ್ದೊಂದು ಕೊಂಡು ಬಂದಳು, ಮುಟ್ಟಿ ನೋಡೋಕೆ ಬಿಟ್ರು ಕಣೇ, ಎಂದಳು, ಮುಖದಲ್ಲಿ ನಗೆಯೂ ಇಲ್ಲ ಕೋಪವೂ ಇಲ್ಲ, ಕುನಿ ಅದನ್ನು ತಿರುಗಿಸಿ ನೋಡಿ ಚೆನ್ನಾಗಿದೆ ಬಣ್ಣ ಅಂದಳು, ಅಲ್ಲಿಂದ ಏರು, ದೊಡ್ಡ ಇಗರ್ಜಿಯ ಏರು, ಒಂದೊಂದು ಹೆಜ್ಜೆಗೂ ಮಂಡಿಯೊಳಗೆ ಸೂಜಿ, ಕುನಿ ನಡುನಡುವೆ ನಿಂತು, ಇಲ್ಲಿಂದ ಹೊಳೆ ಚೆನ್ನಾಗಿ ಕಾಣುತ್ತೆ ನೋಡು, ಇಲ್ಲಿಂದ ಛಾವಣಿಗಳು ನೋಡು, ಎಂದು ತೋರಿಸಿದಳು, ಜನ್ಮದಲ್ಲಿ ಇಷ್ಟು ಸಲ ಊರನ್ನು ಹೊಗಳಿದವಳಲ್ಲ, ಈ ಊರಲ್ಲಿ ಯಾರೂ ಯಾವುದನ್ನೂ ಹೊಗಳುವುದಿಲ್ಲ, ಅಪ್ಪ ತೀರ ಮೆಚ್ಚಿಕೊಂಡರೆ ಪರವಾಗಿಲ್ಲ ಅನ್ನುತ್ತಿದ್ದ, ಕುನಿಗೆ ಅದು ಸಿಕ್ಕಿದ್ದು ಎರಡೇ ಸಲ, ಒಂದು ಮದುವೆಯ ದಿನ, ಇನ್ನೊಂದು ಮೊದಲ ಸಲ ಒಬ್ಬಳೇ ಒಂದು ಪಾತಿ ತುಳಿದು ಒಂದೂ ಕತ್ತು ಮುರಿಯದ ದಿನ, ಎರಡನೆಯದೇ ದೊಡ್ಡದು. ಇಗರ್ಜಿಯೊಳಗೆ ತಂಪು, ಕಂಬದ ಮೇಲೆ ಕಲ್ಲಿನ ಕುದುರೆ ಸವಾರ, ಯಾವ ದೊರೆಯೋ ಯಾರಿಗೂ ಗೊತ್ತಿಲ್ಲ, ಎಲ್ಲರೂ ಅವನನ್ನೇ ನೋಡುತ್ತಾರೆ, ಕುನಿ ನೋಡುವುದು ಅವನ ಕುದುರೆಯ ಕಾಲಡಿಯ ಎಲೆಮುಖವನ್ನು, ಮೂಗು ಕೆನ್ನೆ ಹಣೆ ಎಲ್ಲ ಎಲೆ, ಅದು ದಕ್ಷಿಣ ದೇಶದ ಯಾವುದೋ ಗಿಡದ ಎಲೆ ಎಂದು ಗೈಡು ಹೇಳುತ್ತಿದ್ದಾನೆ, ಬಾಯಿಗೆ ಬಂದದ್ದು, ಆ ಸುಕ್ಕು ಆ ನರ ನೋಡಿದರೆ ಯಾವ ತೋಟದವನೂ ಹೇಳಿಯಾನು, ಅದು ನಮ್ಮ ಸುಕ್ಕೆಲೆ ಕೋಸು, ಕಲ್ಲು ಕೆತ್ತುವವನಿಗೆ ಮಧ್ಯಾಹ್ನ ಊಟಕ್ಕೆ ಇಟ್ಟವರು ನಾವು, ಅವನು ತಟ್ಟೆಯಲ್ಲಿದ್ದದ್ದನ್ನೇ ಕೆತ್ತಿದ, ದೊರೆಯ ಹೆಸರು ಅಳಿಸಿಹೋಯಿತು, ಕೋಸು ಹಾಗೇ ಇದೆ. ಇದು ಅಪ್ಪನ ಮಾತು, ಆದರೂ ನಿಜ. ರೆತ್ತಾ ಪಕ್ಕದಲ್ಲಿ ನಿಂತು ಮೆಲ್ಲಗೆ, ಕೋಸು ಅಲ್ವಾ, ಎಂದಳು. ಕೋಸೇ, ಎಂದಳು ಕುನಿ. ಗೈಡು ಕಣ್ಣರಳಿಸಿ ಇಬ್ಬರು ಮುದುಕಿಯರನ್ನು ನೋಡಿ ಮುಂದೆ ಹೋದ.

ಆಗ ಕೇಳಬಹುದಿತ್ತು, ಆ ಒಂದು ಗಳಿಗೆಯಲ್ಲಿ, ಕೋಸೇ ಎಂದ ಬಾಯಲ್ಲೇ ಸಹಿ ಹಾಕ್ತೀಯಾ ಎಂದು ಕೇಳಿದ್ದರೆ — ಕೇಳಲಿಲ್ಲ, ನಾಲಗೆ ಚಾಚಲು ಬರುತ್ತದೆ, ಕೇಳಲು ಬರುವುದಿಲ್ಲ, ಏನು ಹೆಮ್ಮೆಯೋ ಇದು, ಗಂಡ ಇದ್ದಾಗಲೂ ಅನ್ನುತ್ತಿದ್ದ, ಕುನಿ ನೀನು ಮುಳುಗ್ತಾ ಇದ್ರೂ ಕೈ ಎತ್ತಲ್ಲ, ನೀರು ಎಷ್ಟು ಆಳ ಅಂತ ಹೇಳ್ತೀಯ — ಇಳಿಜಾರಿನಲ್ಲಿ ಹಳೇ ಸಾಮಾನಿನ ಅಂಗಡಿಗಳ ಸಾಲು, ರೆತ್ತಾಗೆ ಇವೆಲ್ಲ ಇಷ್ಟ, ಮೂರು ಅಂಗಡಿ ಹತ್ತಿ ಇಳಿದಳು, ಒಂದು ಬೆಳ್ಳಿಯ ಸಕ್ಕರೆ ಇಕ್ಕಳ, ಒಂದು ನೀಲಿ ಬಟ್ಟಲು, ಕುನಿ ಬಾಗಿಲ ಪಕ್ಕದ ಕುರ್ಚಿ ಕಂಡಲ್ಲೆಲ್ಲ ಕೂತಳು, ನಾಲ್ಕನೆಯದರಲ್ಲಿ ಕೂತವಳು ತಲೆ ಎತ್ತಿದರೆ ಎದುರು ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಜೋಡಿ ಹಲಗೆ. ತನ್ನ ಗಾಜಿನ ಮನೆಯೇ ಇಲ್ಲಿಗೆ ನಡೆದು ಬಂತೇ, ಇಲ್ಲ, ಇವು ಬೇರೆಯವು, ಪಟ್ಟಿಯನ್ನು ಮುಂದೆ ಮೊಳೆ ಹೊಡೆದು ಕೂರಿಸಿದ್ದಾರೆ, ಕೆಳತೋಟದವರ ಕೆಲಸ, ಅಪ್ಪನಾದರೆ ಪಟ್ಟಿಯನ್ನು ಹಲಗೆಯೊಳಗೇ ತೂರಿಸುತ್ತಿದ್ದ, ಮೊಳೆಯ ತಲೆ ಸೊಪ್ಪು ಕುಯ್ಯುತ್ತದೆ ಅನ್ನುತ್ತಿದ್ದ, ಕೆಳಗೆ ಇನ್ನೂರೈವತ್ತು ಯೂರೋ ಎಂಬ ಚೀಟಿ. ಅಂಗಡಿಯ ಕನ್ನಡಕದ ಯುವಕ ಓಡಿ ಬಂದ, ರೆತ್ತಾಳ ಬಿಳಿ ಷೂ ನೋಡಿ ಬಂದ, ಕುನಿಯ ಮಣ್ಣಿನ ಬೂಟು ನೋಡಿಯಲ್ಲ, ಅಪರೂಪದ ವಸ್ತು ಮೇಡಂ, ಬೆಟ್ಟದ ಮಠದ ಸನ್ಯಾಸಿಗಳು ಪಾಪ ಕಳ್ಕೊಳ್ಳೋಕೆ ಇವನ್ನ ಕಟ್ಕೊಂಡು ಮೈಲಿಗಟ್ಟಲೆ ನಡೀತಿದ್ರು, ಮುನ್ನೂರು ವರ್ಷ ಹಳೇದು. ಕುನಿಗೆ ಹೊಟ್ಟೆಯ ಬುಡದಿಂದ ನಗು ಎದ್ದಿತು, ನಮ್ಮ ಕೆಳತೋಟದ ಯಾವನೋ ಹೊಟ್ಟೆಯಪ್ಪ ಸನ್ಯಾಸಿಯಾಗಿಬಿಟ್ಟ, ಹೇಳಬೇಕು, ಹೇಳಿಬಿಡಬೇಕು, ಆದರೆ ರೆತ್ತಾ ಇದ್ದಾಳೆ, ಅವಳಿಗೆ ನಾಚಿಕೆಯಾದೀತು, ಅದು ನಾನಲ್ಲ ನಮ್ಮಕ್ಕ ಎಂದಾಳು, ಸುಮ್ಮನಿದ್ದುಬಿಡೋಣ — ಆಗ ರೆತ್ತಾಳ ದನಿ ಕೇಳಿತು, ಡ್ಯೂಸೆಲ್‌ಡಾರ್ಫಿನ ಅಂದದ ಮಾತಲ್ಲ, ಹುಟ್ಟೂರಿನ ದಪ್ಪ ನಾಲಗೆಯ ಮಾತು, ಅದು ಸನ್ಯಾಸಿಗಳದ್ದಲ್ಲಪ್ಪ, ಈರುಳ್ಳಿ ತುಳಿಯೋ ಹಲಗೆ. ಯುವಕ ನಕ್ಕ, ನಿಮಗೆ ಹೇಗೆ ಗೊತ್ತು ಮೇಡಂ. ರೆತ್ತಾ ಆ ಹಲಗೆಯನ್ನು ಇಳಿಸಿ, ತಿರುಗಿಸಿ, ಸವೆದ ಹಿಮ್ಮಡಿಯ ಕಡೆ ಹೆಬ್ಬೆರಳಿನಿಂದ ಸವರಿ, ನಾವು ಈರುಳ್ಳಿ ತುಳಿಯೋರು, ನಾನೂ ನಮ್ಮಕ್ಕನೂ, ಎಂದಳು, ಹಲಗೆಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು. ಕುನಿ ಎದ್ದಳು, ಮಂಡಿ ಇದೆ ಎಂಬುದೇ ಮರೆತುಹೋಗಿತ್ತು, ಇನ್ನೂರೈವತ್ತಕ್ಕೆ ಒಂದು ಜೊತೆಯಾದರೆ ನಮ್ಮನೇಲಿ ಐನೂರಿದೆ, ಎಂದು ಅವನಿಗೆ ಹೇಳಿ ಹೊರಗೆ ಬಂದಳು. ಇಡೀ ಬೀದಿ ತನ್ನದೇ ಎನಿಸಿತು.

ಆ ಖುಷಿ ಸೇತುವೆಯವರೆಗೂ ಇತ್ತು, ಊರಿನ ಹೊಗೆವಾಸನೆಯ ಬಿಯರನ್ನು ಅಂಗಡಿಯ ಕಿಟಕಿಯಲ್ಲಿ ಕೊಂಡು ನಿಂತುಕೊಂಡೇ ಕುಡಿದರು, ಪ್ರವಾಸಿಗಳು ಮುಖ ಹಿಂಡುವುದನ್ನು ನೋಡಿ ಇಬ್ಬರೂ ಒಟ್ಟಿಗೆ ನಕ್ಕರು, ಆಮೇಲೆ ರೆತ್ತಾ ಗಡಿಯಾರ ನೋಡಿದಳು, ನಾಲ್ಕೂಕಾಲು, ಅದರೊಂದಿಗೆ ಖುಷಿ ಇಳಿಯಿತು, ಅಂಗಡಿಯವನ ಮುಂದೆ ಒಂದು ಮಾತು ಆಡುವುದು ಬೇರೆ, ಸಹಿ ಬೇರೆ, ಹಲಗೆಗೆ ಇನ್ನೂರೈವತ್ತಾದರೆ ಮಣ್ಣಿಗೆ ಎಷ್ಟೋ, ಮನೆಗೆ ಬಂದು ಹೋಗು, ಹತ್ತು ನಿಮಿಷ, ಚೆರ್ರಿ ಕೇಕ್ ಮಾಡಿದ್ದೀನಿ, ಎಂದಳು ಕುನಿ, ಅಷ್ಟು ಕೇಳುವುದೇ ಕಷ್ಟವಾಯಿತು. ಹೆಬ್ಬಾಗಿಲು, ಗಾಡಿ ಹೋಗುವಷ್ಟು ಅಗಲದ ಓಣಿ, ಓಣಿಯ ಕೊನೆಗೆ ಒಮ್ಮೆಲೇ ಬೆಳಕು, ತೋಟ, ಬೀದಿಯಲ್ಲಿ ನಿಂತವರಿಗೆ ಹಿಂದೆ ಇಷ್ಟು ನೆಲವಿದೆಯೆಂದು ಕನಸಲ್ಲೂ ಗೊತ್ತಾಗುವುದಿಲ್ಲ, ಇಪ್ಪತ್ತೆಂಟು ಪಾತಿ ಮೊಣಕಾಲೆತ್ತರ ನಿಂತ ಈರುಳ್ಳಿ, ಮನೆಯ ಬೀಜ, ಪೇರ್ ಹಣ್ಣಿನ ಆಕಾರದ್ದು, ಬೀಜದ ಡಬ್ಬಿ ಮಲಗುವ ಕೋಣೆಯ ಬೀರುವಿನಲ್ಲಿ ಮದುವೆಯ ಹೊದಿಕೆಗಳ ಕೆಳಗೆ, ಅಮ್ಮನಿಂದ ಬಂದದ್ದು, ಬೇರೆ ಯಾರ ತೋಟದಲ್ಲೂ ಇಂಥದ್ದಿಲ್ಲ, ಹೇಳಬೇಕೆ, ನೋಡಿದರೆ ಗೊತ್ತಾಗಬೇಕು. ರೆತ್ತಾ ಅಂಗಳದ ಕುರ್ಚಿಯಲ್ಲಿ ಕೂತಳು, ಮೇಜು ಟಕ್ಕೆಂದು ವಾಲಿತು, ಇನ್ನೂ ಇದೇ ಕುಂಟು ಮೇಜಾ, ಎಂದಳು, ಹೂಂ ಇದೇ. ಬಲಗಡೆಯ ಪಾತಿಗಳ ಕಡೆ ನೋಡುತ್ತ ಕೂತವಳು, ಯಾರು ತುಳೀತಾರೆ ಈ ಸಲ, ಎಂದು ಕೇಳಿದಳು. ನಾನೇ, ಇನ್ಯಾರು. ಯಾವಾಗ. ಇವತ್ತೇ, ನೀನು ಹೋದ್ಮೇಲೆ. ರೆತ್ತಾ ಕುನಿಯ ಮಂಡಿ ನೋಡಿದಳು, ಕೈಚೀಲ ಬಿಚ್ಚಿದಳು, ಕೆನೆಬಣ್ಣದ ಲಕೋಟೆ ಹೊರಗೆ ಬಂತು. ಕಾಫಿ ಇಡ್ತೀನಿ, ಎಂದು ಕುನಿ ತಿರುಗಿ ಅಡುಗೆಮನೆಗೆ ಹೋದಳು.

ಹೋದದ್ದು ತಪ್ಪು, ಅಲ್ಲೇ ನಿಂತು ಮುಖಕ್ಕೆ ಮುಖ ಕೊಟ್ಟು ಕೇಳಿಸಿಕೊಳ್ಳಬೇಕಿತ್ತು, ನೀರು ಕಾಯಲಿ, ನಿಧಾನಕ್ಕೆ ಕಾಯಲಿ, ಹಾಕಿಕೊಳ್ಳಲಿ ಸಹಿ, ಮೇಜಿನ ಮೇಲೆ ಕೇಕಿನ ಪಕ್ಕದಲ್ಲಿ ಹಾಕಲಿ, ಎಡಗಡೆಯ ಹದಿನಾಲ್ಕು ಪಾತಿ ಸಾಕು ನನಗೆ, ಕಾರಿನ ಸಾಲಿಗೆ ಬೆನ್ನು ಮಾಡಿ ಕಳೆ ಕೀಳುತ್ತೇನೆ, ಕೆಂಪು ಪಟ್ಟಿಯ ಹಲಗೆಯನ್ನು ಮಾತ್ರ ಆ ಕನ್ನಡಕದವನಿಗೆ ಕೊಡುವುದಿಲ್ಲ, ಕಪ್ಪು ಚರ್ಮ ಮುಗಿದಿತ್ತು ಎಂದು ಅಪ್ಪ ಕುದುರೆಯ ಹಳೇ ಲಗಾಮು ಕುಯ್ದು ರೆತ್ತಾಳದ್ದಕ್ಕೆ ಕೆಂಪು ಪಟ್ಟಿ ಹಾಕಿದ್ದ, ತನಗೆ ಕೆಂಪು ಯಾಕಿಲ್ಲ ಎಂದು ಕುನಿ ಎರಡು ದಿನ ಊಟ ಬಿಟ್ಟಿದ್ದಳು, ಎರಡು ಜೊತೆಗೂ ಪ್ರತಿ ವಸಂತಕ್ಕೆ ಎಣ್ಣೆ ಹಚ್ಚಿದ್ದಾಳೆ, ನಲವತ್ತೈದು ವರ್ಷ, ಒಂದೇ ಜೊತೆ ಬಳಸಿ ಎರಡಕ್ಕೂ, ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಚರ್ಮ ಒಣಗಬಾರದು ಅನ್ನುತ್ತಿದ್ದಳು, ನಿಜ ಏನೆಂದರೆ ಇವಳು ಬರಲಿ ಎಂದು, ಬರಲಿ ಎಂದೇ ಹಚ್ಚಿದ್ದು, ಎಲ್ಲರೆದುರು ಹೇಳಲಾಗದಿದ್ದರೂ ಈ ಒಲೆಯೆದುರು ಹೇಳಬಹುದು. ತಟ್ಟೆ ಹೊತ್ತು ಅಂಗಳಕ್ಕೆ ಬಂದರೆ ಕುರ್ಚಿ ಖಾಲಿ. ದೊಡ್ಡ ಇಗರ್ಜಿಯ ಗಡಿಯಾರ ಐದು ಬಡಿಯುತ್ತಿದೆ, ಹೋದಳು, ಹೇಳದೆ ಹೋದಳು, ಬಸ್ಸಿಗೆ ಹೊತ್ತಾಯಿತು, ಕೇಕು ಕೂಡ ತಿನ್ನದೆ, ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು, ಕಾಫಿ ಚೆಲ್ಲುತ್ತದೆಂದು ಕೈ ಅಡ್ಡ ಹಿಡಿದಳು — ಮೇಜು ವಾಲಲಿಲ್ಲ. ಬಗ್ಗಿ ನೋಡಿದಳು, ಕುಂಟು ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಕೆನೆಬಣ್ಣದ ಕಾಗದ, ಹೋಟೆಲಿನವರ ಬಂಗಾರದ ಮುದ್ರೆ ಅರ್ಧ ಹೊರಗೆ, ಅರ್ಧ ಮೇಜಿನ ಕಾಲಡಿ. ಆಗ ಸದ್ದು, ಟಪ್, ಟಪ್, ಒಣ ಸೊಪ್ಪು ಮಲಗುವ ಸದ್ದು, ಎಷ್ಟೋ ವರ್ಷದಿಂದ ತನ್ನ ಕಾಲಡಿ ಬಿಟ್ಟು ಬೇರೆ ಕಾಲಡಿ ಕೇಳದ ಸದ್ದು, ಬಲಗಡೆಯಿಂದ, ಕುನಿ ಅದನ್ನು ನೋಡಲು ಹೋಗಲಿಲ್ಲ, ನೋಡಿದರೆ ಅಳು ಬಂದೀತು, ಗಾಜಿನ ಮನೆಗೆ ಹೋದಳು, ಗಾಜಿನಾಚೆಯಿಂದ ರೆತ್ತಾಳ ದನಿ, ಏದುಸಿರಿನಲ್ಲಿ, ನನ್ನ ಕಡೇದು ಮುಗಿಸಿ ನಿನ್ನ ಕಡೆ ಬರ್ತೀನಿ ಕಣೇ, ಆ ಮಂಡಿ ಇಟ್ಕೊಂಡು ಇಳೀಬೇಡ, ಹಡಗು ಹೋದ್ರೆ ಹೋಗ್ಲಿ, ಕತ್ತು ಮುರೀತಾ ಇದೆಯಾ ಸ್ವಲ್ಪ ನೋಡಿ ಹೇಳು. ಗಾಜಿನಿಂದಲೇ ನೋಡಿದಳು, ಒಂದು ಸಾಲು ಮಲಗಿದೆ, ಕತ್ತು ಬಗ್ಗಿದೆ, ಒಂದೂ ಮುರಿದಿಲ್ಲ, ಪರವಾಗಿಲ್ಲ, ಎಂದಳು ಕುನಿ, ಗಟ್ಟಿಯಾಗಿ, ಆಚೆಯ ತೋಟದವರಿಗೂ ಕೇಳುವ ಹಾಗೆ, ಆಮೇಲೆ ಗೋಡೆಯ ಕಡೆ ತಿರುಗಿದಳು, ಎರಡು ಮೊಳೆ, ಒಂದರಲ್ಲಿ ಕಪ್ಪು ಪಟ್ಟಿಯ ಹಲಗೆ ಜೋಡಿ, ಇನ್ನೊಂದರಲ್ಲಿ, ಕೆಂಪು ಪಟ್ಟಿಯದು ಇರುತ್ತಿದ್ದ ಮೊಳೆಯಲ್ಲಿ, ಹಿಮ್ಮಡಿ ಮೇಲಾಗಿ, ಅಟ್ಟೆಗೆ ಹತ್ತಿದ ಕಪ್ಪು ಮಣ್ಣು ಒರೆಸದೆ, ಬಿಳಿ ಷೂ, ಬಿಳಿ ಷೂ —